ಹಬ್ ಮೋಟಾರ್ ಗಾಡಿ ಏರಿಗೆ ಆಗುತ್ತಾ? ಓಡಿಸಿದವರು, ಬಿಚ್ಚಿ ನೋಡಿದವರು ಹೇಳಿ

ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಳ್ಳಬೇಕು ಅಂತ ಎರಡು ಗಾಡಿ ನೋಡಿಟ್ಟಿದ್ದೇನೆ. ಒಂದರಲ್ಲಿ ಮೋಟಾರ್ ಹಿಂದಿನ ಚಕ್ರದ ಒಳಗೇ ಇದೆ, ಇದಕ್ಕೇ ಹಬ್ ಮೋಟಾರ್ ಅಂತಾರೆ. ಇನ್ನೊಂದರಲ್ಲಿ ಮೋಟಾರ್ ಗಾಡಿಯ ನಡುವೆ ಇದ್ದು, ಬೆಲ್ಟ್ ಮೂಲಕ ಚಕ್ರ ತಿರುಗಿಸುತ್ತದೆ. ನನ್ನದು ದಿನಾ 30 ಕಿ.ಮೀ. ಓಡಾಟ. ಮನೆ ಗುಡ್ಡದ ಮೇಲಿದೆ, ಕೊನೆಯ 2 ಕಿ.ಮೀ. ಪೂರ್ತಿ ಏರು. ವಾರದಲ್ಲಿ ಮೂರ್ನಾಲ್ಕು ದಿನ ಅಮ್ಮನೂ ಹಿಂದೆ ಕೂರುತ್ತಾರೆ. ಚಕ್ರದ ಮೋಟಾರ್ ಏರಿನಲ್ಲಿ ಸುಟ್ಟು ಹೋಗುತ್ತದೆ ಎಂದು ಒಬ್ಬರು ಹೆದರಿಸಿದರು. ಅದಕ್ಕೆ ಮೇಂಟೆನೆನ್ಸೇ ಇಲ್ಲ, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಎಂದು ಇನ್ನೊಬ್ಬರು ಹೇಳಿದರು. ಚಕ್ರದೊಳಗೆ ಮೋಟಾರ್ ಹೇಗೆ ಕೆಲಸ ಮಾಡುತ್ತದೆ ಅಂತಲೇ ನನಗೆ ಸರಿಯಾಗಿ ಗೊತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಸ್ಕೂಟರ್ ಮೆಕ್ಯಾನಿಕ್:

ಮೇಡಂ, ಎಂಟು ವರ್ಷದಿಂದ ಎಲೆಕ್ಟ್ರಿಕ್ ಗಾಡಿ ರಿಪೇರಿ ಮಾಡುತ್ತಿದ್ದೇನೆ. ಒಳಗೆ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ.

ಸೀಲಿಂಗ್ ಫ್ಯಾನ್ ನೋಡಿದ್ದೀರಲ್ಲ? ಅದರ ರಾಡ್ ತಿರುಗುವುದಿಲ್ಲ. ಹೊರಗಿನ ಡಬ್ಬಿ ರೆಕ್ಕೆ ಸಮೇತ ತಿರುಗುತ್ತದೆ. ಹಬ್ ಮೋಟಾರ್ ಕೂಡ ಹಾಗೆಯೇ. ಫ್ಯಾನನ್ನು ಅಡ್ಡ ಮಲಗಿಸಿ ರೆಕ್ಕೆಯ ಜಾಗದಲ್ಲಿ ಟೈರ್ ಹಾಕಿದ್ದಾರೆ ಅಂದುಕೊಳ್ಳಿ. ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು, ಗಾಡಿಯ ಫೋರ್ಕಿಗೆ ಬಿಗಿಯಾಗಿ ಕೂತಿರುತ್ತದೆ, ಅಲ್ಲಾಡುವುದಿಲ್ಲ. ಅದರ ಸುತ್ತ ತಾಮ್ರದ ಸುರುಳಿಗಳು. ಅವುಗಳ ಹೊರಗೆ, ಕೂದಲೆಳೆಯಷ್ಟು ಗಾಳಿ ಬಿಟ್ಟು, ತಿರುಗುವ ಡ್ರಮ್. ಡ್ರಮ್ಮಿನ ಒಳಗೋಡೆಗೆ ಸಾಲಾಗಿ ಮ್ಯಾಗ್ನೆಟ್ ಅಂಟಿಸಿರುತ್ತಾರೆ. ನಾನು ಬಿಚ್ಚಿದ ಒಂದರಲ್ಲಿ 46 ಎಣಿಸಿದ್ದೆ.

ಸುರುಳಿಗಳು ಮೂರು ಗುಂಪು. ಕಂಟ್ರೋಲರ್, ಅಂದರೆ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹಂಚುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಆ ಮೂರಕ್ಕೂ ಸರದಿ ಪ್ರಕಾರ ಕರೆಂಟ್ ಕೊಡುತ್ತದೆ. ಕರೆಂಟ್ ಬಂದ ಸುರುಳಿ ಅಯಸ್ಕಾಂತ ಆಗುತ್ತದೆ, ಎದುರಿನ ಮ್ಯಾಗ್ನೆಟ್ಟನ್ನು ತನ್ನತ್ತ ಎಳೆಯುತ್ತದೆ. ಅದು ಹತ್ತಿರ ಬರುವಷ್ಟರಲ್ಲಿ ಸರದಿ ಮುಂದಿನ ಸುರುಳಿಗೆ ಹೋಗಿರುತ್ತದೆ. ಹೀಗೆ ಡ್ರಮ್ ಸುತ್ತುತ್ತಲೇ ಇರುತ್ತದೆ. ಯಾವ ಮ್ಯಾಗ್ನೆಟ್ ಈಗ ಎಲ್ಲಿದೆ ಅಂತ ಕಂಟ್ರೋಲರಿಗೆ ತಿಳಿಸಲು ಒಳಗೆ ಮೂರು ಪುಟ್ಟ ಹಾಲ್ ಸೆನ್ಸರ್ ಇರುತ್ತವೆ. ಮೂರು ದಪ್ಪ ವೈರ್, ಐದು ಸಣ್ಣ ವೈರ್, ಎಲ್ಲವೂ ಟೊಳ್ಳು ಆಕ್ಸಲ್ ಒಳಗಿಂದ ಹೊರಗೆ ಬರುತ್ತವೆ. ಬೆಲ್ಟ್ ಇಲ್ಲ, ಚೈನ್ ಇಲ್ಲ, ಗೇರ್ ಇಲ್ಲ. ಸವೆಯುವುದು ಎರಡು ಬೇರಿಂಗ್ ಮಾತ್ರ. ಮೇಂಟೆನೆನ್ಸ್ ಇಲ್ಲ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ.

ಆದರೆ ನನ್ನ ಹತ್ತಿರ ಬರುವ ಕೇಸ್ ನೋಡಿ. ಸುರುಳಿ ಸುಟ್ಟದ್ದು ಕಡಿಮೆ. ಜಾಸ್ತಿ ಬರುವುದು ನೀರು ಹೋದದ್ದು, ಹಾಲ್ ಸೆನ್ಸರ್ ಹೋದದ್ದು, ಆಕ್ಸಲ್ ತಿರುಗಿದ್ದು. ಹಾಲ್ ಸೆನ್ಸರ್ ಹೋದರೆ ಗಾಡಿ ನಿಂತಲ್ಲೇ ಗಡಗಡ ನಡುಗುತ್ತದೆ, ಕಾಲಲ್ಲಿ ತಳ್ಳಿದರೆ ಮಾತ್ರ ಹೊರಡುತ್ತದೆ. ಅದು ಸಣ್ಣ ಪಾರ್ಟ್. ಮೋಟಾರೇ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ಇನ್ನೊಂದು ಕಡೆ ತೋರಿಸಿ.

ಎಲ್ಲಕ್ಕಿಂತ ಕೆಟ್ಟದ್ದು ಆಕ್ಸಲ್ ತಿರುಗುವುದು. ಚಕ್ರವನ್ನು ಮುಂದಕ್ಕೆ ತಳ್ಳುವಷ್ಟೇ ಬಲ ಆಕ್ಸಲನ್ನು ಹಿಂದಕ್ಕೆ ತಿರುಚುತ್ತದೆ. ಅದನ್ನು ತಡೆದು ಹಿಡಿಯುವುದು ಆಕ್ಸಲಿನ ಎರಡು ಚಪ್ಪಟೆ ಬದಿ, ಹಲ್ಲಿರುವ ವಾಷರ್, ಮತ್ತೆ ನಟ್. ಒಂದು ಗಾಡಿ ಬಂದಿತ್ತು. ಪಂಚರ್ ಹಾಕುವಾಗ ಆ ವಾಷರ್ ವಾಪಸ್ ಹಾಕಿರಲಿಲ್ಲ. ನಾಲ್ಕನೇ ದಿನ ಏರಿನಲ್ಲಿ ಆಕ್ಸಲ್ ತಿರುಗಿ, ಒಳಗಿನ ಎಂಟೂ ವೈರನ್ನು ಹಗ್ಗ ಹೊಸೆದ ಹಾಗೆ ಹೊಸೆದು ಕಿತ್ತುಹಾಕಿತ್ತು. ಜೊತೆಗೆ ಕಂಟ್ರೋಲರೂ ಹೋಗಿತ್ತು. ಒಂದು ವಾಷರಿಗೆ ಇಷ್ಟೆಲ್ಲ.

ದಿನಾ ಏರು ಹತ್ತುವವರು:

ನನ್ನದೂ ಗುಡ್ಡದ ಮೇಲಿನ ಮನೆ. ಹಬ್ ಮೋಟಾರ್ ಸ್ಕೂಟರ್, ನಾಲ್ಕು ವರ್ಷ ಆಯಿತು. ಒಬ್ಬನೇ ಹೋದರೆ ಏನೂ ತೊಂದರೆ ಇಲ್ಲ. ಇಬ್ಬರು ಕೂತರೆ ಕಥೆ ಬೇರೆ. ಮೊದಲ ಬೇಸಿಗೆಯಲ್ಲಿ ಹೆಂಡತಿಯ ಜೊತೆ ಹತ್ತುವಾಗ ಅರ್ಧ ದಾರಿಯಲ್ಲಿ ಗಾಡಿ ತಾನಾಗೇ ಶಕ್ತಿ ಕಡಿಮೆ ಮಾಡಿಕೊಂಡಿತು. ಬಿಸಿ ಜಾಸ್ತಿ ಆದದ್ದಕ್ಕೆ ಹಾಗೆ ಮಾಡಿದೆ ಅಂತ ಆಮೇಲೆ ಗೊತ್ತಾಯಿತು. ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಟೆವು.

ನಾನು ಮಾಡುತ್ತಿದ್ದ ತಪ್ಪು ಎರಡು. ಮೋಟಾರಿಗೆ ಆಯಾಸ ಆಗಬಾರದು ಅಂತ ತುಂಬಾ ನಿಧಾನ ಹತ್ತುತ್ತಿದ್ದೆ. ಎದುರು ಗಾಡಿ ಬಂದಾಗ ಬ್ರೇಕ್ ಹಿಡಿಯದೆ, ಆಕ್ಸಿಲರೇಟರನ್ನೇ ಸ್ವಲ್ಪ ತಿರುಗಿಸಿಟ್ಟು ಏರಿನಲ್ಲಿ ಗಾಡಿ ನಿಲ್ಲಿಸುತ್ತಿದ್ದೆ. ಇವೆರಡನ್ನೂ ಬಿಟ್ಟ ಮೇಲೆ ಶಕ್ತಿ ಕಡಿಮೆಯಾಗಿದ್ದು ಒಂದೇ ಸಲ. ಆದರೂ ಇಬ್ಬರು ದಿನಾ ಹತ್ತುವುದಾದರೆ, ಈಗ ಹೊಸದಾಗಿ ಕೊಳ್ಳುವುದಾದರೆ, ನಾನು ಬೆಲ್ಟಿನ ಗಾಡಿಯನ್ನೇ ಮೊದಲು ನೋಡುತ್ತೇನೆ.

ಮೋಟಾರ್ ಡಿಸೈನ್ ಕೆಲಸದಲ್ಲಿರುವವರು:

ಮೇಲೆ ಹೇಳಿದ ಎರಡೂ ತಪ್ಪಿನ ಹಿಂದೆ ಒಂದೇ ಕಾರಣ ಇದೆ. ಇದು ಅರ್ಥವಾದರೆ ಗಾಡಿ ಆರಿಸುವುದೂ ಸುಲಭ, ಓಡಿಸುವುದೂ ಸುಲಭ.

ಸ್ಕೂಟರ್ ಚಕ್ರದ ಸುತ್ತಳತೆ ಹೆಚ್ಚುಕಡಿಮೆ ಒಂದೂವರೆ ಮೀಟರ್. 60 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 670 ಸುತ್ತು. ಹಬ್ ಮೋಟಾರ್ ಸುತ್ತುವುದೂ ಅಷ್ಟೇ. ಅದೇ ವೇಗಕ್ಕೆ ಬೆಲ್ಟಿನ ಮೋಟಾರ್, ಎಂಟಕ್ಕೆ ಒಂದರ ಲೆಕ್ಕದಲ್ಲಿ ಇಳಿಸಿದ್ದರೆ (ಮೋಟಾರ್ ಎಂಟು ಸುತ್ತಿಗೆ ಚಕ್ರ ಒಂದು ಸುತ್ತು), 5,000ಕ್ಕೂ ಜಾಸ್ತಿ ಸುತ್ತು ಹಾಕುತ್ತದೆ. ಶಕ್ತಿ ಅಂದರೆ ತಿರುಚುವ ಬಲ ಮತ್ತು ವೇಗ ಎರಡರ ಗುಣಾಕಾರ. ವೇಗ ಎಂಟು ಪಟ್ಟು ಕಡಿಮೆ ಇರುವ ಹಬ್ ಮೋಟಾರ್ ಎಂಟು ಪಟ್ಟು ಬಲವನ್ನು ತಾನೇ ಹುಟ್ಟಿಸಬೇಕು. ಗೇರಿನ ಸಹಾಯ ಇಲ್ಲ. ಹಾಗಾಗಿಯೇ ಅದು ಅಗಲವಾಗಿ, ತೂಕವಾಗಿ ಇರುತ್ತದೆ. ಅಷ್ಟೊಂದು ಮ್ಯಾಗ್ನೆಟ್ ಇರುವುದೂ ಈ ನಿಧಾನದ ಕೆಲಸಕ್ಕೇ.

ಈಗ ನಿಮ್ಮ ಏರಿನ ಲೆಕ್ಕ ಹಾಕೋಣ. ಗಾಡಿ, ನೀವು, ಅಮ್ಮ ಸೇರಿ 240 ಕೆ.ಜಿ. ಅಂದುಕೊಳ್ಳಿ. ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆ. ತೂಕದ ಹತ್ತನೇ ಒಂದು ಭಾಗ, ಅಂದರೆ 24 ಕೆ.ಜಿ.ಯಷ್ಟು ಬಲ ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಟೈರಿನ ತಡೆ ಮೂರ್ನಾಲ್ಕು ಕೆ.ಜಿ. ಸೇರಿಸಿ. ಸಮತಟ್ಟು ರಸ್ತೆಯಲ್ಲಿ 40ರ ವೇಗಕ್ಕೆ ಗಾಳಿ, ಟೈರ್ ಎಲ್ಲ ಸೇರಿ ಎಂಟು ಕೆ.ಜಿ. ಬಲ ಸಾಕು. ಏರಿನಲ್ಲಿ ಮೂರು ಪಟ್ಟಿಗೂ ಮೇಲೆ ಬಲ ಬೇಕು, ಅಷ್ಟೇ ಪಟ್ಟು ಕರೆಂಟ್ ಬೇಕು. ಆದರೆ ಸುರುಳಿಯ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ. ಮೂರು ಪಟ್ಟು ಕರೆಂಟಿಗೆ ಒಂಬತ್ತು ಪಟ್ಟು ಬಿಸಿ. ನಿಮ್ಮ ಲೆಕ್ಕದಲ್ಲಿ ಅದು ಹತ್ತು ದಾಟುತ್ತದೆ.

ಇನ್ನೊಂದು ಮುಖ್ಯ ವಿಷಯ. ಈ ಬಲ ಏರು ಎಷ್ಟು ಕಡಿದಾಗಿದೆ, ತೂಕ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ, ವೇಗದ ಮೇಲೆ ಅಲ್ಲ. 10ರಲ್ಲಿ ಹತ್ತಿದರೂ 30ರಲ್ಲಿ ಹತ್ತಿದರೂ ಸುರುಳಿಯಲ್ಲಿ ನಿಮಿಷಕ್ಕೆ ಹುಟ್ಟುವ ಬಿಸಿ ಹೆಚ್ಚುಕಡಿಮೆ ಒಂದೇ. 2 ಕಿ.ಮೀ. ಏರನ್ನು 10ರಲ್ಲಿ ಹತ್ತಿದರೆ 12 ನಿಮಿಷ ಬೇಯುತ್ತದೆ, 30ರಲ್ಲಿ ಹತ್ತಿದರೆ 4 ನಿಮಿಷ. ನಿಧಾನ ಹೋದರೆ ಮೋಟಾರಿಗೆ ಆರಾಮ ಅನ್ನುವುದು ತಪ್ಪು ಲೆಕ್ಕ. ಆಕ್ಸಿಲರೇಟರಿನಲ್ಲಿ ಗಾಡಿ ನಿಲ್ಲಿಸುವುದಂತೂ ಬೇಡವೇ ಬೇಡ. ಚಕ್ರ ತಿರುಗುವುದಿಲ್ಲ, ಬ್ಯಾಟರಿ ಕೊಟ್ಟದ್ದೆಲ್ಲ ಬರೀ ಬಿಸಿ.

ಆ ಬಿಸಿ ಹೊರಗೆ ಹೋಗುವ ದಾರಿಯೂ ಕಿರಿದು. ಸುರುಳಿ ಇರುವುದು ಒಳಗೆ, ಗಾಳಿ ತಾಗುವುದು ಹೊರಗಿನ ಡ್ರಮ್ಮಿಗೆ, ನಡುವೆ ಗಾಳಿಯ ಸಂದು. ಕೆಲವರು ಆ ಸಂದಿಗೆ ಕೆಲವು ಮಿಲಿಲೀಟರ್ ಫೆರೋಫ್ಲೂಯಿಡ್ ಹಾಕುತ್ತಾರೆ. ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳಿರುವ ಈ ಎಣ್ಣೆಯನ್ನು ಮ್ಯಾಗ್ನೆಟ್ಟೇ ಹಿಡಿದಿಟ್ಟುಕೊಳ್ಳುತ್ತದೆ, ಬಿಸಿ ಡ್ರಮ್ಮಿಗೆ ದಾಟಲು ಸೇತುವೆ ಸಿಕ್ಕ ಹಾಗೆ. ಉಪಯೋಗ ಇದೆ. ಆದರೆ ವಾರಂಟಿ ಇರುವ ಗಾಡಿಗೆ ನೀವಾಗಿ ಹಾಕಬೇಡಿ. ಮ್ಯಾಗ್ನೆಟ್ಟಿನ ಬಗ್ಗೆಯೂ ಒಂದು ಮಾತು. ಸಾಧಾರಣ ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳಲು ಶುರು. ಒಳ್ಳೆಯ ದರ್ಜೆಯವು 150 ಡಿಗ್ರಿ ತಡೆಯುತ್ತವೆ.

ಅದಕ್ಕೇ ಅಂಗಡಿಯಲ್ಲಿ ಗರಿಷ್ಠ ಶಕ್ತಿ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ನಿರಂತರವಾಗಿ ಎಷ್ಟು ಕೊಡುತ್ತದೆ ಅಂತ ಕೇಳಿ. ಮೋಟಾರಿನ ಒಳಗೆ ಬಿಸಿ ಅಳೆಯುವ ಸೆನ್ಸರ್ ಇದೆಯಾ ಅಂತಲೂ ಕೇಳಿ. ಸೆನ್ಸರ್ ಇದ್ದರೆ ಗಾಡಿ ನಿಧಾನವಾಗುತ್ತದೆ, ಸುಡುವುದಿಲ್ಲ.

ಸೈಕಲ್ಲಿಗೆ ಕಿಟ್ ಹಾಕಿಕೊಂಡವರು:

ಒಂದು ಸಣ್ಣ ಸೇರ್ಪಡೆ. ಎಲ್ಲ ಹಬ್ ಮೋಟಾರಲ್ಲೂ ಗೇರ್ ಇಲ್ಲ ಅನ್ನುವಂತಿಲ್ಲ. ಸೈಕಲ್ಲಿನ ಪುಟ್ಟ ಹಬ್‌ನಲ್ಲಿ ಸಾಮಾನ್ಯವಾಗಿ ನೈಲಾನ್ ಗೇರ್ ಇರುತ್ತದೆ. ಒಳಗಿನ ಮೋಟಾರ್ ಸುಮಾರು ಐದು ಸುತ್ತು ಹಾಕಿದರೆ ಚಕ್ರ ಒಂದು ಸುತ್ತು. ಹಗುರ, ಏರು ಚೆನ್ನಾಗಿ ಹತ್ತುತ್ತದೆ, ಪೆಡಲ್ ಮಾತ್ರ ತುಳಿದರೆ ತಡೆಯುವುದಿಲ್ಲ. ಆದರೆ ಚಕ್ರ ತಾನಾಗಿ ಉರುಳುವಾಗ ಮೋಟಾರನ್ನು ತಿರುಗಿಸದ ಫ್ರೀವೀಲ್ ಇರುವುದರಿಂದ ಇಳಿಜಾರಿನಲ್ಲಿ ಬ್ಯಾಟರಿಗೆ ಚಾರ್ಜ್ ವಾಪಸ್ ಬರುವುದಿಲ್ಲ. ನನ್ನದು ಮೂರು ವರ್ಷಕ್ಕೆ ಗೇರ್ ಸವೆದು ಕರಕರ ಅಂತಿತ್ತು. ಗೇರ್ ಬದಲಿಸಿ ಹೊಸ ಗ್ರೀಸ್ ಹಾಕಿದ ಮೇಲೆ ಸರಿಹೋಯಿತು.

ಇನ್ನೊಬ್ಬರು:

ಚಕ್ರದಲ್ಲೇ ಮೋಟಾರ್ ಇದ್ದರೆ ಇಷ್ಟೊಂದು ಜಾಗ ಉಳಿಯುತ್ತದಲ್ಲ, ಕಾರುಗಳಲ್ಲಿ ಯಾಕೆ ಜಾಸ್ತಿ ಕಾಣುವುದಿಲ್ಲ?

ಮೋಟಾರ್ ಡಿಸೈನ್ ಕೆಲಸದಲ್ಲಿರುವವರು:

ಯೋಚನೆ ಹೊಸದಲ್ಲ. ಫರ್ಡಿನಾಂಡ್ ಪೋರ್ಶೆ ಮುಂದಿನ ಎರಡು ಚಕ್ರಗಳಲ್ಲಿ ಮೋಟಾರ್ ಇಟ್ಟು ಮಾಡಿದ ಕಾರು 1900ರಲ್ಲೇ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಇತ್ತು. 1971ರಲ್ಲಿ ಅಪೊಲೊ 15 ಚಂದ್ರನ ಮೇಲೆ ಇಳಿಸಿದ ಗಾಡಿಯ ನಾಲ್ಕೂ ಚಕ್ರಕ್ಕೆ ಒಂದೊಂದು ಮೋಟಾರ್. ಒಂದೊಂದೂ ಬರೀ ಕಾಲು ಅಶ್ವಶಕ್ತಿ. ಜೊತೆಗೆ 80ಕ್ಕೆ ಒಂದರಂತೆ ಇಳಿಸುವ ಗೇರ್ ಕೊಟ್ಟಿದ್ದರು, ಅಷ್ಟು ಚಿಕ್ಕ ಮೋಟಾರ್ ಗುಡ್ಡ ಹತ್ತಿದ್ದು ಅದರಿಂದ. ಜಪಾನಿನ ಕೇಯೊ ವಿಶ್ವವಿದ್ಯಾಲಯದ ಎಲಿಕಾ ಕಾರಿಗೆ ಎಂಟು ಚಕ್ರ, ಎಂಟು ಮೋಟಾರ್. 2004ರಲ್ಲಿ ಅದು ಗಂಟೆಗೆ 370 ಕಿ.ಮೀ. ಮುಟ್ಟಿತು. ಗಣಿಯ ದೈತ್ಯ ಡಂಪರುಗಳ ಹಿಂದಿನ ಚಕ್ರಗಳಲ್ಲೂ ಮೋಟಾರ್ ಕೂರಿಸುತ್ತಾರೆ, ಅಲ್ಲೂ ಗೇರ್ ಸಮೇತ.

ಕಾರಿನಲ್ಲಿ ಮುಖ್ಯ ತಕರಾರು ತೂಕದ್ದು. ಸ್ಪ್ರಿಂಗಿನ ಕೆಳಗೆ ಇರುವ ತೂಕ ಜಾಸ್ತಿ ಆದರೆ ಚಕ್ರ ಗುಂಡಿಯಲ್ಲಿ ಎದ್ದು ಬಿದ್ದು, ರಸ್ತೆಗೆ ವಾಪಸ್ ತಾಗಲು ತಡ ಮಾಡುತ್ತದೆ. ಲೋಟಸ್ ಎಂಜಿನಿಯರಿಂಗ್‌ನವರು ಒಂದು ಫೋರ್ಡ್ ಫೋಕಸ್ ಕಾರಿನ ಪ್ರತಿ ಚಕ್ರಕ್ಕೂ 30 ಕೆ.ಜಿ. ಸೇರಿಸಿ ಪರೀಕ್ಷೆ ಮಾಡಿದ್ದರು. ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಸಸ್ಪೆನ್ಷನ್ ಸರಿಯಾಗಿ ಹೊಂದಿಸಿದರೆ ಬಹುಪಾಲು ಸರಿಮಾಡಬಹುದು ಅಂತ ಕಂಡಿತು. ನನ್ನ ಮಟ್ಟಿಗೆ ಅದಕ್ಕಿಂತ ಕಷ್ಟದ ವಿಷಯ ಮೋಟಾರಿನ ಬಾಳಿಕೆ. ಪ್ರತಿ ಗುಂಡಿಯ ಏಟು, ಕೆಸರು, ಪಕ್ಕದ ಬ್ರೇಕಿನ ಬಿಸಿ, ಎಲ್ಲವೂ ನೇರವಾಗಿ ಮೋಟಾರಿಗೇ ಬೀಳುತ್ತದೆ. ಒಂದು ಬದಿಯ ಮೋಟಾರ್ ಶಾರ್ಟ್ ಆದರೆ ಆ ಚಕ್ರ ಬ್ರೇಕ್ ಹಿಡಿದ ಹಾಗೆ ಆಗಿ ಕಾರು ಪಕ್ಕಕ್ಕೆ ಎಳೆಯಬಹುದು. ಅದನ್ನು ತಡೆಯುವ ಎಲೆಕ್ಟ್ರಾನಿಕ್ಸ್ ತುಂಬಾ ಭದ್ರವಾಗಿರಬೇಕು. ಸ್ಕೂಟರಿನಲ್ಲಿ ಓಡಿಸುವ ಚಕ್ರ ಒಂದೇ, ಹಾಗಾಗಿ ಆ ಚಿಂತೆ ಇಲ್ಲ. ಗುಂಡಿಯ ಏಟು ಮಾತ್ರ ಅಲ್ಲೂ ಇದೆ. ಟೈರಿನ ಗಾಳಿ ಕಡಿಮೆ ಆಗಲು ಬಿಡಬೇಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಎರಡೂ ಗಾಡಿಯನ್ನು ಅಮ್ಮನ ಜೊತೆ ನಮ್ಮ ಏರಿನಲ್ಲೇ ಓಡಿಸಿದೆ. ಹಬ್ ಗಾಡಿ ಕಡಿದಾದ ತಿರುವಿನಲ್ಲಿ 14ಕ್ಕೆ ಇಳಿಯಿತು. ಮೇಲೆ ಬಂದಾಗ ಡ್ರಮ್ ಕೈಯಿಟ್ಟರೆ ತಡೆಯಲಾಗದಷ್ಟು ಬಿಸಿ. ಬೆಲ್ಟಿನದು 28ರಲ್ಲಿ ಹತ್ತಿತು. ನನಗೆ ಬೆಲ್ಟಿನದ್ದೇ ಸರಿ ಅನ್ನಿಸಿತು. ಆದರೆ ತಂಗಿ ಇರುವುದು ಸಮತಟ್ಟು ಜಾಗದಲ್ಲಿ, ಒಬ್ಬಳೇ ಓಡಿಸುತ್ತಾಳೆ. ಅವಳಿಗೆ ಹಬ್ ಗಾಡಿ ತುಂಬಾ ಹಿಡಿಸಿದೆ, ಸದ್ದೇ ಇಲ್ಲ ಅಂತಾಳೆ. ಮೆಕ್ಯಾನಿಕ್ ಅಣ್ಣ, ಅವಳು ಏನೇನು ನೋಡಿಕೊಳ್ಳಬೇಕು?

ಸ್ಕೂಟರ್ ಮೆಕ್ಯಾನಿಕ್:

ತಂಗಿಯವರು ಧಾರಾಳವಾಗಿ ತಗೊಳ್ಳಲಿ, ಸಮತಟ್ಟಿಗೆ ಹೇಳಿ ಮಾಡಿಸಿದ ಗಾಡಿ ಅದು. ಪ್ರೆಷರ್ ಪಂಪಿನಿಂದ ಚಕ್ರದ ನಡುವೆ ನೀರು ಹೊಡೆಸಬಾರದು. ಆಕ್ಸಲಿನಿಂದ ಹೊರಬಂದ ವೈರ್ ಮೊದಲು ಸ್ವಲ್ಪ ಕೆಳಗೆ ಬಾಗಿ ಆಮೇಲೆ ಮೇಲಕ್ಕೆ ಹೋಗಿರಬೇಕು. ಆಗ ಮಳೆನೀರು ಬಾಗಿದ ಕಡೆ ತೊಟ್ಟಿಕ್ಕುತ್ತದೆ, ವೈರ್ ಹಿಡಿದು ಒಳಗೆ ಇಳಿಯುವುದಿಲ್ಲ.

ಗಾಡಿ ಆಫ್ ಇದ್ದಾಗಲೂ ಚಕ್ರ ತಡೆದು ತಡೆದು ಬಿಗಿಯಾಗಿ ತಿರುಗಿದರೆ ಮೋಟಾರ್ ಹೋಯಿತು ಅಂತ ಗಾಬರಿ ಬೇಡ. ಬ್ರೇಕ್ ಹಿಡಿದಿಲ್ಲ ಅಂತ ಮೊದಲು ನೋಡಬೇಕು. ಆಮೇಲೆ ಬ್ಯಾಟರಿ ಬಿಡಿಸಿ, ಮೂರು ದಪ್ಪ ವೈರಿನ ಕಪ್ಲರ್ (ಜೋಡಿಸುವ ಪ್ಲಗ್) ಕಂಟ್ರೋಲರಿನಿಂದ ತೆಗೆಸಿ, ವೈರ್ ಒಂದಕ್ಕೊಂದು ತಾಗದ ಹಾಗೆ ಇಟ್ಟು ಮತ್ತೆ ತಿರುಗಿಸಿ ನೋಡಲು ಹೇಳಿ. ಹಗುರಾದರೆ ಮೋಟಾರ್ ಚೆನ್ನಾಗಿದೆ, ಶಾರ್ಟ್ ಆಗಿರುವುದು ಕಂಟ್ರೋಲರ್. ಆಗಲೂ ಬಿಗಿ ಇದ್ದರೆ ಮಾತ್ರ ಮೋಟಾರ್ ಬಿಚ್ಚಬೇಕು.

ಹಿಂದಿನ ಚಕ್ರ ಪಂಚರ್ ಆದಾಗ ತಂಗಿಯವರು ಅಲ್ಲೇ ನಿಂತಿರಲಿ. ನಟ್ ಬಿಚ್ಚುವ ಮೊದಲು ಎರಡೂ ಬದಿಯ ಫೋಟೊ ತೆಗೆದುಕೊಳ್ಳಲಿ. ಯಾವ ವಾಷರ್ ಒಳಗೆ, ಯಾವುದು ಹೊರಗೆ, ಅದರ ಹಲ್ಲು ಯಾವ ಕಡೆಗೆ ಅಂತ ಕಾಣಬೇಕು. ವಾಪಸ್ ಹಾಕಿದ ಮೇಲೆ ಫೋಟೊ ಜೊತೆ ಹೋಲಿಸಿ, ಕಂಪನಿ ಹೇಳಿದಷ್ಟು ಬಿಗಿ ಮಾಡಿಸಿ, ಒಂದೆರಡು ದಿನ ಓಡಿಸಿದ ಮೇಲೆ ಇನ್ನೊಂದು ಸಲ ನಟ್ ಚೆಕ್ ಮಾಡಿಸಲಿ.