ನೇಪಾಳದಲ್ಲಿ "ಸಾಕು" ಅಂದ್ರೆ ಸೊಪ್ಪು ಬರುತ್ತದೆ

ಶಿವಮೊಗ್ಗದಿಂದ ಕೇಳಿದ್ದು:

ನಮಸ್ಕಾರ. ನಾವು ಹನ್ನೊಂದು ಜನ ದೀಪಾವಳಿ ಕಳೆದ ಮೇಲೆ ನೇಪಾಳದ ಒಂದು ಹಳ್ಳಿ ಶಾಲೆಗೆ ಬಣ್ಣ ಹಚ್ಚೋಕೆ ಹೋಗುತ್ತಿದ್ದೇವೆ. ಹತ್ತು ದಿನದ ಸೇವೆ. ಒಬ್ಬರೂ ದೇಶದ ಗಡಿ ದಾಟಿದವರಲ್ಲ. ದೊಡ್ಡ ವಿಷಯಗಳನ್ನೆಲ್ಲ ವಿಚಾರಿಸಿಕೊಂಡಿದ್ದೇವೆ. ಸಣ್ಣಪುಟ್ಟ ಎಡವಟ್ಟು ಏನೇನಾಗುತ್ತೆ, ಹೋಗಿ ಬಂದವರು ಹೇಳ್ತೀರಾ?

ಸಾಗರದಿಂದ:

ಖಂಡಿತ ಹೇಳ್ತೀನಿ. ನಾವು ಹದಿನಾಲ್ಕು ಜನ 2019ರ ನವೆಂಬರ್‌ನಲ್ಲಿ ಗೋರ್ಖಾ ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದೆವು. 2015ರ ಏಪ್ರಿಲ್ 25ರ ಭೂಕಂಪದ ಕೇಂದ್ರ ಇದ್ದಿದ್ದು ಅದೇ ಜಿಲ್ಲೆಯಲ್ಲಿ. ಬಿದ್ದು ಹೋದ ಶಾಲೆಯನ್ನು ಮತ್ತೆ ಕಟ್ಟಿದ್ದರು. ಗೋಡೆಗಳು ಮಾತ್ರ ಸಿಮೆಂಟಿನ ಬಣ್ಣದಲ್ಲೇ ಇದ್ದವು. ಅದಕ್ಕೆ ಬಣ್ಣ ಹಚ್ಚುವ ಕೆಲಸ ನಮ್ಮದು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಅಲ್ಲಿ ಕಂಡಿದ್ದೆಲ್ಲ ನಮ್ಮೂರಿನ ಹಾಗೇ ಕಾಣುತ್ತದೆ. ಗುಡ್ಡ, ಗದ್ದೆ, ಕೊಟ್ಟಿಗೆಯಲ್ಲಿ ಎಮ್ಮೆ, ಅಂಗಳದಲ್ಲಿ ಭತ್ತದ ಹುಲ್ಲಿನ ಬಣವೆ. ಇದರಲ್ಲಿ ಕೇಳೋದೇನಿದೆ ಅನಿಸುತ್ತದೆ. ನಮ್ಮ ಎಡವಟ್ಟುಗಳೆಲ್ಲ ಆಗಿದ್ದು ಹಾಗೆ ಕೇಳದೆ ಬಿಟ್ಟ ಕಡೆಯಲ್ಲೇ.

ಮೊದಲನೆಯದು ಗಡಿಯಾರ. ನೇಪಾಳದ ಸಮಯ ನಮಗಿಂತ 15 ನಿಮಿಷ ಮುಂದೆ. ಗೋರಖ್‌ಪುರದಲ್ಲಿ ರೈಲು ಇಳಿದು, ಸೋನೌಲಿ ಗಡಿ ದಾಟಿ, ಭೈರಹವಾದಲ್ಲಿ ರಾತ್ರಿ ಉಳಿದೆವು. ಬೆಳಿಗ್ಗೆ ಏಳಕ್ಕೆ ಬಸ್ಸು. ನಮ್ಮ ಸಿಮ್ ಯಾವುದಕ್ಕೂ ಸಿಗ್ನಲ್ ಇಲ್ಲ, ಮೊಬೈಲುಗಳು ಇಲ್ಲಿನ ಸಮಯವನ್ನೇ ತೋರಿಸುತ್ತಿದ್ದವು. ಆರೂ ಮುಕ್ಕಾಲಾಗಲು ಇನ್ನೂ ಐದು ನಿಮಿಷ ಇದೆ, ಆರಾಮಾಗಿ ಒಂದು ಟೀ ಕುಡಿಯೋಣ ಅಂತ ಐದು ಜನ ಎದುರಿನ ಅಂಗಡಿಗೆ ಹೋದರು. ಟೀ ಕೈಗೆ ಬರುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಒಳಗಿದ್ದ ನಾವು ಒಂಬತ್ತು ಜನ ಕನ್ನಡದಲ್ಲೇ ಕೂಗಿಕೊಂಡೆವು. ಪುಣ್ಯಕ್ಕೆ ಕಂಡಕ್ಟರ್ ಹುಡುಗನಿಗೆ ಅರ್ಥವಾಯಿತು, ಬಾಗಿಲು ಬಡಿದು ನಿಲ್ಲಿಸಿದ. ಐದೂ ಜನ ಓಡಿ ಬಂದು ಹತ್ತಿದರು. ಒಬ್ಬರ ಕೈಯಲ್ಲಿ ಅಂಗಡಿಯ ಗಾಜಿನ ಲೋಟ ಹಾಗೇ ಇತ್ತು. ಆ ಲೋಟವನ್ನು ಹತ್ತು ದಿನ ಜೋಪಾನವಾಗಿ ಇಟ್ಟುಕೊಂಡು, ವಾಪಸ್ ಬರುವಾಗ ತೊಳೆದು ಕೊಟ್ಟೆವು. ಅಂಗಡಿಯಮ್ಮ ಅದೇ ಲೋಟದಲ್ಲಿ ಮತ್ತೆ ಟೀ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ನೀವು ಗಡಿ ದಾಟಿದ ಕೂಡಲೇ ಮೊಬೈಲಿನ ಸಮಯ ಬದಲಿಸಿಕೊಳ್ಳಿ. ಅಲ್ಲಿನ ಒಂದು ಸಿಮ್ ತಗೊಳ್ಳಿ. ಫೋಟೋ, ಗುರುತಿನ ಚೀಟಿಯ ಜೆರಾಕ್ಸ್ ಜೊತೆಗಿರಲಿ. ಟಿಕೆಟ್‌ನಲ್ಲಿ ಇಸವಿ 2076 ಅಂತಿತ್ತು. ಅದು ತಪ್ಪಲ್ಲ, ಅವರು ವಿಕ್ರಮ ಸಂವತ್ ಲೆಕ್ಕ ಹಾಕುತ್ತಾರೆ. ತಿಂಗಳು, ತಾರೀಕು ಎರಡೂ ಬೇರೆ. ಹಾಗಾಗಿ ಹೊರಡುವ ದಿನ ಯಾವ ವಾರ ಅಂತ ಬಾಯಿಬಿಟ್ಟು ಕೇಳಿ.

ಇನ್ನು ಊಟ. ಬೆಳಿಗ್ಗೆ ತಿಂಡಿ ಅಂತ ಕಾಯಬೇಡಿ. ಎದ್ದಾಗ ಟೀ, ಹತ್ತು ಗಂಟೆ ಹೊತ್ತಿಗೆ ದಾಲ್ ಭಾತ್, ಮತ್ತೆ ರಾತ್ರಿ ದಾಲ್ ಭಾತ್. ನಾವು ಉಳಿದ ಮನೆಯ ಯಜಮಾನಿಯನ್ನು ಎಲ್ಲರೂ ದಿದಿ ಅಂತಿದ್ದೆವು. ತಟ್ಟೆ ತುಂಬ ಅನ್ನ, ಬೇಳೆ, ಪಕ್ಕದಲ್ಲಿ ಸಾಸಿವೆ ಸೊಪ್ಪಿನ ಪಲ್ಯ. ಅವರು ಸೌಟು ಹಿಡಿದು ನಿಂತೇ ಇರುತ್ತಿದ್ದರು. ನಮ್ಮ ತಂಡದಲ್ಲಿ ಹೊಸನಗರದ ದೊಡ್ಡಮ್ಮ ಒಬ್ಬರಿದ್ದರು. ಮೊದಲ ದಿನ ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಅಂದರು. ದಿದಿ ಮುಖ ಅರಳಿತು. ದೊಡ್ಡಮ್ಮನ ಕೈ ಮೆಲ್ಲಗೆ ಸರಿಸಿ, ದೊಡ್ಡ ಸೌಟು ಸೊಪ್ಪು ಬಡಿಸಿದರು. ದೊಡ್ಡಮ್ಮ ಗಾಬರಿಯಲ್ಲಿ ಇನ್ನೂ ಜೋರಾಗಿ "ಸಾಕೂ" ಅಂದರು. ಮತ್ತೊಂದು ಸೌಟು. ಬಡಿಸಿದ್ದನ್ನು ಬಿಟ್ಟು ಏಳುವ ಅಭ್ಯಾಸ ಅವರಿಗಿಲ್ಲ, ಪಾಪ, ಅಷ್ಟನ್ನೂ ತಿಂದರು. ತಟ್ಟೆ ಖಾಲಿ ಕಂಡ ದಿದಿಗೆ ಇನ್ನೂ ಖುಷಿ.

ಹೀಗೇ ಎರಡು ದಿನ ನಡೆಯಿತು. ಮೂರನೇ ದಿನ ಶಾಲೆಯ ಮೇಷ್ಟ್ರು ಪಕ್ಕದಲ್ಲಿ ಊಟಕ್ಕೆ ಕೂತಿದ್ದರು. ಅವರೇ ಬಿಡಿಸಿ ಹೇಳಿದ್ದು. ನೇಪಾಳಿಯಲ್ಲಿ ಸೊಪ್ಪಿಗೆ "ಸಾಗ್" ಅಂತಾರೆ. ನಮ್ಮ "ಸಾಕು" ಅವರಿಗೆ "ಸಾಗ್" ಅಂತ ಕೇಳಿಸುತ್ತಿತ್ತು! ಸಾಕು ಅನ್ನೋಕೆ ಅಲ್ಲಿ "ಪುಗ್ಯೋ" ಅನ್ನಬೇಕು. ಇದೊಂದು ಪದವನ್ನು ಹನ್ನೊಂದು ಜನರೂ ಬಾಯಿಪಾಠ ಮಾಡಿಕೊಂಡು ಹೋಗಿ. ಕೊನೆ ದಿನ ದಿದಿ ಸೌಟು ಎತ್ತಿ, ದೊಡ್ಡಮ್ಮನ ಮುಖ ನೋಡಿ, "ಸಾಗ್? ಸಾಕು?" ಅಂತ ಕೇಳಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ದಿನ ದೊಡ್ಡಮ್ಮ ಬೇಕು ಅಂತಲೇ ಇನ್ನೊಂದು ಸೌಟು ಹಾಕಿಸಿಕೊಂಡರು.

ಈಗ ಬಣ್ಣದ ವಿಷಯ. ನಮ್ಮಲ್ಲಿ ಇಬ್ಬರು ಅಕ್ಕಂದಿರಿಗೆ ಹಸೆ ಚಿತ್ತಾರ ಬರುತ್ತಿತ್ತು, ನಮ್ಮ ಕಡೆ ದೀವರ ಮನೆಗಳಲ್ಲಿ ಬರೆಯುತ್ತಾರಲ್ಲ, ಅದು. ಶಾಲೆಯ ಜಗಲಿ ಗೋಡೆಗೆ ಚಿತ್ತಾರ ಬರೆಯೋಣ ಅಂತ ಊರಿಂದ ನಾಲ್ಕು ಕೆಜಿ ಕೆಮ್ಮಣ್ಣು, ಪುಂಡಿ ನಾರಿನ ಕುಂಚ ತಂದಿದ್ದರು. ಗಡಿಯಲ್ಲಿ ತಪಾಸಣೆಯವರು ಪೊಟ್ಟಣ ಬಿಚ್ಚಿದರು, ಮೂಸಿ ನೋಡಿದರು, ಇದೇನು ಅಂದರು. ಅಕ್ಕನಿಗೆ ಹಿಂದಿ ಬಾರದು. ಬಾಟಲಿ ನೀರು ಎರಡು ಹನಿ ಹಾಕಿ, ಮಣ್ಣು ಕಲಸಿ, ಬಿಸ್ಕತ್ತಿನ ರಟ್ಟಿನ ಮೇಲೆ ಚಿತ್ತಾರದ ಎರಡು ಎಳೆ ಎಳೆದು ತೋರಿಸಿದರು. ಬಿಟ್ಟರು.

ಹಳ್ಳಿಗೆ ಹೋಗಿ ನೋಡಿದರೆ ಮನೆಗಳ ಗೋಡೆಯೆಲ್ಲ ಕೆಳಗೆ ಕೆಂಪು, ಮೇಲೆ ಬಿಳಿ! "ರಾತೋ ಮಾಟೋ" ಅಂತಾರೆ, ಕೆಂಪು ಮಣ್ಣು. ನಮ್ಮ ಪೊಟ್ಟಣ ನೋಡಿದ ಹೆಂಗಸರು ಗುಡ್ಡಕ್ಕೆ ಹೋಗಿ ಅರ್ಧ ಗಂಟೆಯಲ್ಲಿ ಒಂದು ಬುಟ್ಟಿ ಮಣ್ಣು ತಂದರು. ಎರಡನ್ನೂ ಒಂದೇ ಬಾನಿಗೆ ಸುರಿದು ಕಲಸಿದೆವು. ಸಾಗರದ್ದು ಯಾವುದು, ಗೋರ್ಖಾದ್ದು ಯಾವುದು ಗೊತ್ತಾಗಲಿಲ್ಲ. ಆದ್ದರಿಂದ ಭಾರ ಹೊರಬೇಡಿ, ಅಲ್ಲಿ ಏನು ಸಿಗುತ್ತೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಕುಂಚ ಮಾತ್ರ ನಿಮ್ಮದೇ ಒಯ್ಯಿರಿ.

ಆ ಕೆಂಪು ಬಳಿದಿದ್ದು ಶನಿವಾರ ಸಂಜೆ. ನಾಳೆ ಭಾನುವಾರ, ಶಾಲೆಗೆ ರಜೆ, ನಿಧಾನಕ್ಕೆ ಒಣಗಲಿ ಅಂತ ಮಲಗಿದೆವು. ನೇಪಾಳದಲ್ಲಿ ಆಗ ವಾರದ ರಜೆ ಶನಿವಾರ! ಭಾನುವಾರ ಬೆಳಿಗ್ಗೆ ಮಕ್ಕಳೆಲ್ಲ ನೀಲಿ ಅಂಗಿ ಹಾಕಿಕೊಂಡು ಬಂದೇಬಿಟ್ಟರು. ಚಳಿಗೆ ಗೋಡೆ ಇನ್ನೂ ಹಸಿ ಇತ್ತು. ನಾವು ಎದ್ದು ಹೋಗುವಷ್ಟರಲ್ಲಿ ಜಗಲಿ ಗೋಡೆಯ ಕೆಳಭಾಗದ ಉದ್ದಕ್ಕೂ ಪುಟ್ಟ ಪುಟ್ಟ ಕೈ ಗುರುತು. ಒಂದು ಹುಡುಗಿ ಎರಡೂ ಅಂಗೈ ಬೆನ್ನ ಹಿಂದೆ ಮುಚ್ಚಿಕೊಂಡು ನಿಂತಿತ್ತು, ಅಂಗಿಯ ಬೆನ್ನೆಲ್ಲ ಕೆಂಪಾಗಿತ್ತು. ಒಬ್ಬರು ಅಳಿಸೋಕೆ ಬಟ್ಟೆ ತಂದರು. ಚಿತ್ತಾರದ ಅಕ್ಕ ಬಿಡಲಿಲ್ಲ. ಅಕ್ಕಿ ಅರೆದ ಬಿಳಿಯಲ್ಲಿ ಪ್ರತಿ ಕೈಯ ಸುತ್ತ ಒಂದೊಂದು ಚೌಕ ಬರೆದು, ಚೌಕದಿಂದ ಚೌಕಕ್ಕೆ ಎಳೆ ಕೂಡಿಸಿದರು. ನಾವು ಮಾಡಿದ ಕೆಲಸದಲ್ಲಿ ನನಗೆ ತುಂಬ ಇಷ್ಟವಾಗಿದ್ದು ಆ ಗೋಡೆ.

ತೀರ್ಥಹಳ್ಳಿಯಿಂದ:

ನಮ್ಮದೂ ಎರಡು ಸೇರಿಸ್ತೀನಿ. ಅಂಗಡಿಯವರು ಬೆಲೆ ಹೇಳಿದಾಗ ಐಸಿನಾ, ಎನ್‌ಸಿನಾ ಅಂತ ಕೇಳಿ. ಐಸಿ ನಮ್ಮ ದುಡ್ಡು, ಎನ್‌ಸಿ ಅವರದ್ದು. ನಮ್ಮ 100ಕ್ಕೆ ಅವರ 160. ನಮ್ಮ ಭಾವ ಉಣ್ಣೆ ಟೋಪಿಗಳಿಗೆ 800 ಅಂದಿದ್ದಕ್ಕೆ ನಮ್ಮ 800 ಕೊಟ್ಟು ಹೊರಟರು. ಅಂಗಡಿಯವರು ರಸ್ತೆವರೆಗೆ ಓಡಿ ಬಂದು 480 ನೇಪಾಳಿ ರೂಪಾಯಿ ವಾಪಸ್ ಕೊಟ್ಟರು. ಅಂಥ ಜನ. ನಮ್ಮ ದೊಡ್ಡ ನೋಟು ಅಲ್ಲಿ ನಡೆಯುವ ನಿಯಮ ಆಗಾಗ ಬದಲಾಗುತ್ತೆ, ಹೊರಡುವ ಮುಂಚೆ ಬ್ಯಾಂಕಲ್ಲಿ ಕೇಳಿ.

ಇನ್ನೊಂದು, ಬರುವಾಗ ವಿಮಾನ ಅಂತಿದ್ದರೆ ಆಧಾರ್ ನಂಬಿಕೊಂಡು ಹೋಗಬೇಡಿ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಭಾವನ ವೋಟರ್ ಐಡಿ ತೀರ್ಥಹಳ್ಳಿಯ ಬೀರುವಿನಲ್ಲಿತ್ತು. ಕಠ್ಮಂಡುವಿನಲ್ಲಿ ವಿಮಾನ ಹತ್ತಿಸಲಿಲ್ಲ. ಒಬ್ಬರನ್ನೇ ಬಿಡೋದು ಹೇಗೆ ಅಂತ ನಾನೂ ಟಿಕೆಟ್ ಬಿಟ್ಟು ಜೊತೆಗೆ ಹೊರಟೆ. ರಾತ್ರಿ ಬಸ್ಸು, ಗಡಿ, ಆಮೇಲೆ ರೈಲು. ದಾರಿಯುದ್ದಕ್ಕೂ ಲಪ್ಸಿ ಹಣ್ಣಿನ ಹುಳಿ ಮಿಠಾಯಿ ತಿನ್ನುತ್ತಾ ಬಂದೆವು, ನಮ್ಮ ಅಮಟೆಕಾಯಿ ನೆನಪಾಗುತ್ತಿತ್ತು.

ಶಿವಮೊಗ್ಗದಿಂದ:

ಎಲ್ಲರಿಗೂ ತುಂಬ ಥ್ಯಾಂಕ್ಸ್. "ಪುಗ್ಯೋ" ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬಹುದಾ?

ಸಾಗರದಿಂದ:

ರೈಲಲ್ಲಾದರೆ ಒಯ್ಯಿರಿ. ಗಾಜಿನ ಬಾಟಲಿ ಬೇಡ, ನಮ್ಮದು ಗೋರಖ್‌ಪುರ ಮುಟ್ಟುವ ಮುಂಚೆಯೇ ಒಡೆದು ಎರಡು ಹೊದಿಕೆಗೆ ಎಣ್ಣೆ ಹತ್ತಿತ್ತು. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ. ಎರಡು ಡಬ್ಬಿ ಮಾಡಿ. ಒಂದು ನೀವು ಉಳಿಯುವ ಮನೆಯವರಿಗೆ.