ಬಿಸಿಯಾದರೆ ನಿಲ್ಲುವ ಗಾಡಿ: ಕ್ರ್ಯಾಂಕ್ ಸೆನ್ಸರ್ ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ: ನಮಸ್ತೆ ಅಣ್ಣ. ನಮ್ಮದು ಏಳು ಸೀಟಿನ ಡೀಸೆಲ್ ಗಾಡಿ, 2014ರದ್ದು. ಹೋದ ವಾರ ಧರ್ಮಸ್ಥಳದಿಂದ ಹಾಸನಕ್ಕೆ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಇಂಜಿನ್ ಆಫ್ ಆಯಿತು. ಒಳಗೆ ಅತ್ತೆ, ಇಬ್ಬರು ಮಕ್ಕಳು. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಆರಾಮಾಗಿ ಸ್ಟಾರ್ಟ್ ಆಯಿತು. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿ ಪಿ0335 ಅನ್ನುವ ಕೋಡ್ ಬಂದಿದೆ, ಕ್ರ್ಯಾಂಕ್ ಸೆನ್ಸರ್ ಅಂದರು. ಕೈ ಹೋಗುವ ಜಾಗ ಅಲ್ಲ, ಲೇಬರ್ ಜಾಸ್ತಿ ಆಗುತ್ತೆ ಅಂದರು. ನಮ್ಮವರು ಮನೆಯಲ್ಲೇ ಹಾಕ್ತೀನಿ ಅಂತಿದ್ದಾರೆ. ಹಾಕಬಹುದಾ?

ಉತ್ತರ: ಹಾಕಬಹುದು ಅಕ್ಕ. ಆದರೆ ಸರಿಯಾಗುವವರೆಗೆ ಆ ಗಾಡಿಯಲ್ಲಿ ಘಾಟಿ ಕಡೆ ಹೋಗಬೇಡಿ. ಓಡುವಾಗ ಇಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕೂ ಕಲ್ಲಿನಂತಾಗುತ್ತದೆ.

ಕ್ರ್ಯಾಂಕ್ (ಇಂಜಿನ್ ಒಳಗೆ ತಿರುಗುವ ದಂಡ) ಯಾವ ಜಾಗದಲ್ಲಿದೆ ಅಂತ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ತಿಳಿಸುವುದು ಈ ಸೆನ್ಸರ್. ಆ ಸಿಗ್ನಲ್ ಬರದಿದ್ದರೆ ಡೀಸೆಲ್ ಯಾವಾಗ ಬಿಡಬೇಕು ಅಂತ ಇಸಿಯುಗೆ ಗೊತ್ತಾಗಲ್ಲ, ನಿಲ್ಲಿಸಿಬಿಡುತ್ತದೆ. ಹಳೇ ಸೆನ್ಸರಿನ ಒಳಗಿನ ಸುರುಳಿ ಬಿಸಿಗೆ ಬಿಟ್ಟುಕೊಂಡು, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುವುದುಂಟು. ನಿಮ್ಮ ಅರ್ಧ ಗಂಟೆಯ ಕಥೆ ಅದಕ್ಕೆ ಹೊಂದುತ್ತದೆ.

ಆದರೂ ಮೊದಲು ವೈರ್ ನೋಡಿ. ಪಿ0335 ಅಂದರೆ ಆ ಸರ್ಕ್ಯೂಟಿನಲ್ಲಿ ತೊಂದರೆ ಅಂತ ಅಷ್ಟೇ, ಸೆನ್ಸರೇ ಕೆಟ್ಟಿದೆ ಅಂತಲ್ಲ. ನನ್ನ ಹತ್ತಿರ ಬಂದ ಒಂದು ಗಾಡಿಗೆ ಎರಡು ಹೊಸ ಸೆನ್ಸರ್ ಹಾಕಿಸಿಯಾಗಿತ್ತು. ನೋಡಿದರೆ ಸ್ಟಾರ್ಟರ್ ಮೋಟರ್ ಹಿಂದೆ ಇಲಿ ವೈರ್ ಕಡಿದಿತ್ತು. ಕನೆಕ್ಟರ್ ಬಿಚ್ಚಿ ಒಳಗೆ ಆಯಿಲ್, ಹಸಿರು ಕಿಲುಬು ಇದೆಯಾ ನೋಡಿ. ಮತ್ತೆ ಆಫ್ ಆದರೆ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳಿನ ಮೇಲೆ ಕಣ್ಣಿಡಿ. ಇಂಜಿನ್ ತಿರುಗುತ್ತಿದ್ದರೂ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡದಿದ್ದರೆ ಸಿಗ್ನಲ್ ಬರುತ್ತಿಲ್ಲ ಅನ್ನುವ ಅನುಮಾನ ಗಟ್ಟಿ.

ಪ್ರಶ್ನೆ: ವೈರ್, ಕನೆಕ್ಟರ್ ಎಲ್ಲಾ ಚೆನ್ನಾಗಿದೆ ಅಣ್ಣ. ಹೊಸ ಸೆನ್ಸರ್ ತಂದಿದ್ದೀವಿ. ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಮೇಲುಗಡೆ ಇದೆ. ಬೋಲ್ಟ್ ಕಷ್ಟಪಟ್ಟು ಬಿಚ್ಚಿದರು, ಸೆನ್ಸರ್ ಮಾತ್ರ ಅಲ್ಲಾಡ್ತಿಲ್ಲ. ಸ್ಕ್ರೂಡ್ರೈವರ್ ಹಾಕಿ ಎತ್ತಲಾ ಅಂತ ಕೇಳ್ತಿದ್ದಾರೆ.

ಉತ್ತರ: ಎತ್ತಬೇಡಿ ಅಕ್ಕ! ಅದು ಪ್ಲಾಸ್ಟಿಕ್. ತುದಿ ಮುರಿದು ಬೆಲ್ ಹೌಸಿಂಗ್ (ಇಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವಿನ ಚಿಪ್ಪು) ಒಳಗೆ ಬಿದ್ದರೆ ಗೇರ್‌ಬಾಕ್ಸ್ ಇಳಿಸಬೇಕಾಗಬಹುದು. ಸೆನ್ಸರ್ ಸುತ್ತ ಇರುವ ರಬ್ಬರ್ ಬಳೆ, ಓರಿಂಗ್, ಒಣಗಿ ಅಂಟಿಕೊಂಡಿದೆ, ಅಷ್ಟೇ. ಸುತ್ತಲೂ ಸ್ವಲ್ಪ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೈಯಲ್ಲಿ ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ತಿರುಗಿಸುತ್ತಾ ಇರಲಿ. ಒಮ್ಮೆ ತಿರುಗಿತು ಅಂದರೆ ಮೇಲೆ ಬರುತ್ತದೆ.

ಹೊಸದನ್ನು ಹಾಕುವ ಮುಂಚೆ ಸೆನ್ಸರ್ ಕೂರುವ ತೂತನ್ನು ಬಟ್ಟೆಯಲ್ಲಿ ಒರೆಸಿ. ಓರಿಂಗಿಗೆ ಒಂದು ಹನಿ ಆಯಿಲ್ ಸವರಿ, ಬೆರಳಲ್ಲೇ ಪೂರ್ತಿ ಕೂರಿಸಿ. ಬೋಲ್ಟ್ ಎಳೆದು ಕೂರಿಸಲಿ ಅಂತ ಬಿಡಬೇಡಿ, ಸೆನ್ಸರಿನಲ್ಲಿ ಬೋಲ್ಟ್ ಕೂರುವ ಕಿವಿ ಒಡೆಯುತ್ತದೆ. ಬೋಲ್ಟ್ ಕೈಬಿಟ್ಟು ಕೆಳಗೆ ಬೀಳದಂತೆ ಸಾಕೆಟ್ ಒಳಗೆ ಚೂರು ಗ್ರೀಸ್ ಹಚ್ಚಿಕೊಳ್ಳಲಿ. ಟೈಟ್ ಹದವಾಗಿ ಸಾಕು. ವೈರನ್ನು ಹಳೇ ಕ್ಲಿಪ್ಪಿಗೇ ಸಿಗಿಸಿ, ಸೈಲೆನ್ಸರ್ ಪೈಪಿಗೆ ತಾಗಬಾರದು.

ಆಮೇಲೆ ಕೋಡ್ ಅಳಿಸಿ, ಊರೊಳಗೇ ಒಂದು ಗಂಟೆ ಓಡಿಸಿ ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಎರಡು ಮೂರು ದಿನ ಹೀಗೆ ನೋಡಿ. ನಿಲ್ಲದಿದ್ದರೆ ಅತ್ತೆಯವರನ್ನು ಕೂರಿಸಿಕೊಳ್ಳಿ.