ಪ್ರಕ್ಷುಬ್ಧ ಹರಿವು: 5/3 ಮತ್ತು 4/5 ನಿಯಮಗಳ ನಡುವಿನ ಸಂಬಂಧವೇನು?

ಪ್ರಶ್ನೆ: ಪ್ರಕ್ಷುಬ್ಧ ಹರಿವಿನ ಬಗ್ಗೆ ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ 1941ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಓದುತ್ತಿದ್ದೇನೆ. ಶಕ್ತಿಯ ರೋಹಿತವು (ಯಾವ ಅಳತೆಯ ಸುಳಿಗಳಲ್ಲಿ ಎಷ್ಟು ಶಕ್ತಿ ಎಂಬ ಹಂಚಿಕೆ) ತರಂಗಸಂಖ್ಯೆಯ (ಸುಳಿ ಸಣ್ಣದಾದಷ್ಟೂ ಇದು ದೊಡ್ಡದು) −5/3 ಘಾತದಂತೆ ಇಳಿಯುತ್ತದೆ ಎಂಬುದೂ, ಎರಡು ಬಿಂದುಗಳ ನಡುವೆ, ಅವನ್ನು ಸೇರಿಸುವ ಗೆರೆಯ ದಿಕ್ಕಿನಲ್ಲಿರುವ ವೇಗವ್ಯತ್ಯಾಸದ ಮೂರನೆಯ ಘಾತದ ಸರಾಸರಿಯು, ಶಕ್ತಿ ಶಾಖವಾಗಿ ಕ್ಷಯಿಸುವ ದರ ಮತ್ತು ಬಿಂದುಗಳ ದೂರ ಇವುಗಳ ಗುಣಲಬ್ಧದ −4/5 ಪಟ್ಟು ಎಂಬ 4/5 ನಿಯಮವೂ ಒಂದೇ ತರ್ಕದಿಂದ ಬಂದವೇ? ಪಠ್ಯಪುಸ್ತಕ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಉತ್ತರ 1: ಅಲ್ಲ. ದೊಡ್ಡ ಸುಳಿಗಳು ಒಡೆದು ಸಣ್ಣವಾಗುತ್ತ, ಕೊನೆಗೆ ಸ್ನಿಗ್ಧತೆಯಿಂದ ಶಾಖವಾಗುವ ಈ ಸರಪಳಿಯ ನಡುವಿನ ಅಳತೆಗಳಲ್ಲಿ ಶಕ್ತಿಯ ಸರಾಸರಿ ಕ್ಷಯದರವೊಂದೇ ಮುಖ್ಯವೆಂದು ಊಹಿಸಿ, ಆಯಾಮಗಳನ್ನು ಹೊಂದಿಸಿದರೆ 5/3 ದೊರೆಯುತ್ತದೆ. 4/5 ನಿಯಮವಾದರೋ, ಹರಿವು ಏಕರೂಪವೂ ಸಮದಿಶೆಯದೂ ಆಗಿದ್ದು, ಸ್ನಿಗ್ಧತೆ ಎಷ್ಟೇ ಕುಗ್ಗಿದರೂ ಕ್ಷಯದರ ಸೊನ್ನೆಯಾಗದೆಂದು ಒಪ್ಪಿದರೆ, ದ್ರವಚಲನೆಯ ಮೂಲ ಸಮೀಕರಣವಾದ ನೇವಿಯರ್–ಸ್ಟೋಕ್ಸ್ ಸಮೀಕರಣದಿಂದಲೇ ಹೊರಡುತ್ತದೆ. ನನ್ನ ಮಟ್ಟಿಗೆ ಅದೇ ಹೆಚ್ಚು ಬೆಲೆಯುಳ್ಳದ್ದು.

ಉತ್ತರ 2: ಊಹೆಯಾದರೂ 5/3 ಹಗುರವಾದದ್ದಲ್ಲ. ಕೆನಡಾದ ಪಶ್ಚಿಮ ತೀರದ ಉಬ್ಬರವಿಳಿತದ ಕಾಲುವೆಯೊಂದರಲ್ಲಿ ಹಡಗಿನಿಂದ ಸಂವೇದಕವನ್ನು ಎಳೆದು ಅಳೆದು, 1962ರಲ್ಲಿ ಪ್ರಕಟಿಸಿದ ರೋಹಿತ ಆ ಗೆರೆಯನ್ನೇ ಹಿಡಿದಿತ್ತು. ತೊಡಕಿರುವುದು ಬೇರೆಡೆ: ಕ್ಷಯವು ಎಲ್ಲೆಡೆ ಸಮನಾಗಿರದೆ ತೇಪೆತೇಪೆಯಾಗಿರುತ್ತದೆ ಎಂಬ ಭೌತವಿಜ್ಞಾನಿ ಲ್ಯಾಂಡೌ ಆಕ್ಷೇಪವನ್ನು ಒಪ್ಪಿ, ಕೊಲ್ಮೊಗೊರೊವ್ ಅದೇ 1962ರಲ್ಲಿ ತಮ್ಮ ಸಿದ್ಧಾಂತವನ್ನು ತಿದ್ದಿದರು. ವೇಗವ್ಯತ್ಯಾಸದ ಆರನೆಯ ಘಾತದ ಸರಾಸರಿ ದೂರದೊಡನೆ ಬೆಳೆಯುವುದಕ್ಕೆ ಮೂಲ ಸಿದ್ಧಾಂತ ಕೊಡುವ ಘಾತಾಂಕ 2. ಅಳತೆಯಲ್ಲಿ ಸಿಗುವುದು ಸುಮಾರು 1.8.

ಪ್ರಶ್ನಿಸಿದವರು: ಹಾಗಾದರೆ 5/3 ಕೂಡ ತಪ್ಪೇ?

ಉತ್ತರ 2: ತುಸು. 5/3ಕ್ಕೆ ಸಂಬಂಧಿಸಿದ ಎರಡನೆಯ ಘಾತದಲ್ಲಿ ತಿದ್ದುಪಡಿ ಅತ್ಯಲ್ಪ. ಮೂರನೆಯದರಲ್ಲಿ 4/5 ನಿಯಮವಿರುವುದರಿಂದ ತಿದ್ದುಪಡಿಗೆ ಎಡೆಯೇ ಇಲ್ಲ.